ಹಾರರ್ ಸಿನಿಮಾಗಳ ಅಣಕ: ಮೂರು ರಾತ್ರಿ ನೋಡಿದ ಮೂರು

ಆಟಿ ತಿಂಗಳ ಮಳೆಗೆ ಪೆರ್ಲದ ನಮ್ಮ ಮನೆಯಲ್ಲಿ ಸಂಜೆ ಆರಕ್ಕೇ ದೀಪ ಹಾಕಬೇಕು. ರಜೆಗೆ ಬಂದ ಭಾವನ ಜೊತೆ ಮೂರು ರಾತ್ರಿ, ಹಲಸಿನ ಹಪ್ಪಳ ಮೆಲ್ಲುತ್ತಾ, ಹಾರರ್ ಸಿನಿಮಾಗಳನ್ನು ಅಣಕಿಸುವ ಮೂರು ಸಿನಿಮಾ ನೋಡಿದೆ. ಭೂತದ ಸಿನಿಮಾ ಅಂತ ಬರೆಯಲು ಮನಸ್ಸು ಬರುವುದಿಲ್ಲ. ನಮ್ಮಲ್ಲಿ ಭೂತ ಅಂದರೆ ಕೈಮುಗಿಯುವ ದೈವ.

ಮೊದಲನೆಯದು ಅಬ್ಬಾಟ್, ಕಾಸ್ಟೆಲ್ಲೊ ಎಂಬ ಅಮೆರಿಕದ ಹಾಸ್ಯ ಜೋಡಿಯ 1948ರ ‘ಅಬ್ಬಾಟ್ ಆಂಡ್ ಕಾಸ್ಟೆಲ್ಲೊ ಮೀಟ್ ಫ್ರಾಂಕನ್‌ಸ್ಟೈನ್’. 1931ರಲ್ಲಿ ರಕ್ತ ಹೀರುವ ಡ್ರಾಕುಲಾ ಆಗಿದ್ದ ಬೇಲಾ ಲುಗೋಸಿಯವರೇ ಇಲ್ಲೂ ಡ್ರಾಕುಲಾ. ಅವರು ನಗಿಸಲು ಹೋಗುವುದೇ ಇಲ್ಲ. ಯಕ್ಷಗಾನದಲ್ಲಿ ರಾಕ್ಷಸ ಪಾತ್ರದ ಬಣ್ಣದ ವೇಷ ಅಬ್ಬರಿಸಿದರೇ ಹಾಸ್ಯಗಾರನ ನಡುಕಕ್ಕೆ ನಗು ಬರುವುದು, ಅಲ್ವಾ? ಇಲ್ಲೂ ಅದೇ ಲೆಕ್ಕ. ಕಾಸ್ಟೆಲ್ಲೊ ಕುರ್ಚಿ ಅಂತ ಕೂತದ್ದು ಫ್ರಾಂಕನ್‌ಸ್ಟೈನ್ ಎಂಬ ವಿಜ್ಞಾನಿ ಹೆಣಗಳ ತುಂಡು ಸೇರಿಸಿ ಮಾಡಿದ ರಾಕ್ಷಸನ ತೊಡೆಯ ಮೇಲೆ! ತನ್ನ ಕೈಗಳ ಪಕ್ಕ ಇನ್ನೊಂದು ಕೈ ಕಂಡಾಗ ಅವನ ಮುಖ ನೋಡಬೇಕು. ಚಾವಡಿಯಲ್ಲಿ ಮಲಗಿದ್ದ ಅಜ್ಜಿಯೂ ಎದ್ದು ಬಂದು ಕೂತರು. ಭಾಷೆ ಬೇಕಾಗಲಿಲ್ಲ.

2000ದ ‘ಸ್ಕೇರಿ ಮೂವಿ’ ಅರ್ಧಕ್ಕೇ ನಿಂತಿತು. ಅದು ಅಣಕಿಸುವುದು ಮುಖ್ಯವಾಗಿ 1996ರ ‘ಸ್ಕ್ರೀಮ್’ನಂಥ ಸಿನಿಮಾಗಳನ್ನು. ಅವನ್ನು ನೋಡಿರದಿದ್ದರೆ ಉಳಿಯುವುದು ಪೋಲಿ ಜೋಕುಗಳು. ಮನೆಮಂದಿ ಜೊತೆ ಬೇಡವೇ ಬೇಡ.

ನನ್ನ ಮನಸ್ಸು ಗೆದ್ದದ್ದು ನಿರ್ದೇಶಕ ಮೆಲ್ ಬ್ರೂಕ್ಸ್ ಅವರ ‘ಯಂಗ್ ಫ್ರಾಂಕನ್‌ಸ್ಟೈನ್’. 1974ರಲ್ಲೂ ಹಟ ಹಿಡಿದು ಕಪ್ಪು ಬಿಳುಪಿನಲ್ಲೇ ತೆಗೆದರು. ಪ್ರಯೋಗಶಾಲೆಯಲ್ಲಿ ಕಿಡಿ ಹಾರಿಸುವ ಯಂತ್ರಗಳು 1931ರ ‘ಫ್ರಾಂಕನ್‌ಸ್ಟೈನ್’ಗೆ ಕೆನೆತ್ ಸ್ಟ್ರಿಕ್‌ಫಾಡನ್ ಮಾಡಿದ್ದವೇ. ಅವರು ಅವನ್ನು ಜೋಪಾನವಾಗಿ ಇಟ್ಟುಕೊಂಡಿದ್ದರು. ಹಳೆಯದರ ಮೇಲೆ ಇಷ್ಟು ಪ್ರೀತಿ ಇದ್ದದ್ದಕ್ಕೇ ಅಣಕ ಇಷ್ಟು ಚೆನ್ನಾಗಿ ಬಂದಿದೆ.

ಕುರುಡ ಸನ್ಯಾಸಿಯ ದೃಶ್ಯವನ್ನು ಮೂರು ಸಲ ಹಿಂದೆ ಹಾಕಿ ನೋಡಿದೆವು. ಒಂಟಿ ಮನುಷ್ಯ, ಅತಿಥಿ ಬಂದ ಖುಷಿ. ಬಡಿಸಿದ ಬಿಸಿ ಸೂಪ್ ಬಟ್ಟಲಿಗೆ ಬೀಳದೆ ರಾಕ್ಷಸನ ಮಡಿಲಿಗೆ ಬೀಳುತ್ತದೆ. ಚುರುಟಿಗೆ ಬೆಂಕಿ ಹಚ್ಚಲು ಹೋಗಿ ಅವನ ಹೆಬ್ಬೆರಳಿಗೇ ಹಚ್ಚುತ್ತಾನೆ. ಆದರೂ ರಾಕ್ಷಸನ ಮೇಲೆ ಪಾಪ ಅನ್ನಿಸುತ್ತದೆ.

ಮಕ್ಕಳು, ಅಜ್ಜಿ ಎಲ್ಲ ಸೇರುವುದಾದರೆ 1948ರದ್ದನ್ನು ಹಾಕಿ. ಬ್ರೂಕ್ಸ್ ಸಿನಿಮಾ ದೊಡ್ಡವರಿಗೆ. ಆದರೆ ಅದಕ್ಕೂ ಮೊದಲು 1935ರ ‘ಬ್ರೈಡ್ ಆಫ್ ಫ್ರಾಂಕನ್‌ಸ್ಟೈನ್’ ನೋಡಿ. ಸನ್ಯಾಸಿಯ ಆ ದೃಶ್ಯದ ಮೂಲ ಅಲ್ಲಿದೆ, ಕಣ್ಣು ತೇವವಾಗುವಂಥದ್ದು. ನಾವು ಅದನ್ನು ನಾಲ್ಕನೇ ರಾತ್ರಿ ನೋಡಿದೆವು. ಸನ್ಯಾಸಿ ಚುರುಟು ಕೈಗೆತ್ತಿಕೊಂಡದ್ದೇ ತಡ, ಭಾವನ ಕಣ್ಣು ರಾಕ್ಷಸನ ಹೆಬ್ಬೆರಳಿನ ಮೇಲೇ ಇತ್ತು.