ಮಾತನಾಡುವ ಟೇಪು, ಥ್ರೆಡ್ ಸರಳು, ಕ್ಲಿಕ್ ಪಾನಾ: ಕಣ್ಣಿಲ್ಲದವನ ಅಳತೆ ಸಾಮಾನು

ಮನೆಯಲ್ಲಿ ಬಡಿಗತನ ಮಾಡುವ, ಕಾರಿನ ಸಣ್ಣಪುಟ್ಟ ದುರಸ್ತಿಯನ್ನು ತಾವೇ ನೋಡಿಕೊಳ್ಳುವ ದೃಷ್ಟಿಹೀನರಿಗೆ ಗರಗಸವಾಗಲಿ, ಉಳಿಯಾಗಲಿ, ಪಾನಾ ಆಗಲಿ ದೊಡ್ಡ ತೊಡಕಲ್ಲ. ಅವೆಲ್ಲ ಮೊದಲಿನಿಂದಲೂ ಕೈಯ ಕೆಲಸಗಳೇ. ತೊಡಕು ಬರುವುದು ಅಳತೆಯಲ್ಲಿ. ಹಲಗೆಯ ಉದ್ದ, ನಟ್ಟಿನ ಬಿಗಿ, ಟೈರಿನ ಗಾಳಿ, ಬ್ಯಾಟರಿಯ ವೋಲ್ಟೇಜು, ಇವನ್ನೆಲ್ಲ ಕಣ್ಣಿದ್ದವರು ಒಂದು ಗೆರೆ ಅಥವಾ ಮುಳ್ಳು ನೋಡಿ ತಿಳಿದುಕೊಳ್ಳುತ್ತಾರೆ. ಅದೇ ಅಳತೆಯನ್ನು ನಮಗೆ ಕೊಡುವ ಸಾಮಾನುಗಳಲ್ಲಿ ಎರಡು ಜಾತಿ ಇವೆ: ಅಂಕಿಯನ್ನು ಓದಿ ಹೇಳುವಂಥವು, ಬೆರಳಿಗೆ ಸಿಗುವಂಥವು. ಹುಬ್ಬಳ್ಳಿಯ ನಮ್ಮ ಮನೆಯ ಹಿತ್ತಲಿನ ಶೆಡ್ಡಿನಲ್ಲಿ ಎರಡೂ ಜಾತಿಯವನ್ನು ಬಳಸಿ ನೋಡಿದ ಮೇಲೆ ಯಾವುದು ಎಲ್ಲಿ ಕೆಲಸಕ್ಕೆ ಬರುತ್ತದೆ, ಎಲ್ಲಿ ಕೈಕೊಡುತ್ತದೆ ಎಂಬುದನ್ನು ಇಲ್ಲಿ ಬರೆದಿದ್ದೇನೆ. ಗದುಗಿನ ವೀರೇಶ್ವರ ಪುಣ್ಯಾಶ್ರಮದ ಪುಣ್ಯದಿಂದ ನಮ್ಮ ಕಡೆ ಕಣ್ಣಿಲ್ಲದವನೆಂದರೆ ಹಾಡುತ್ತಾನೆ, ಇಲ್ಲವೇ ತಬಲಾ ನುಡಿಸುತ್ತಾನೆ ಎಂಬ ನಂಬಿಕೆ ಗಟ್ಟಿಯಾಗಿದೆ. ನನಗೆ ಶ್ರುತಿ ಹಿಡಿಯಲು ಬರುವುದಿಲ್ಲ, ಚೌಕಟ್ಟಿನ ಮೂಲೆ ಕೂಡಿಸಲು ಬರುತ್ತದೆ.

ಮೊದಲು ಉದ್ದದ ಅಳತೆ. ಮಾತನಾಡುವ ಟೇಪನ್ನು ಯಾರಾದರೂ ಕಾಣಿಕೆಯಾಗಿ ತಂದುಕೊಡುವುದೇ ಹೆಚ್ಚು, ನನಗೂ ಹಾಗೆಯೇ ಬಂತು. ಪಟ್ಟಿಯನ್ನು ಎಳೆದು ಗುಂಡಿ ಒತ್ತಿದರೆ ಅಳತೆಯನ್ನು ಇಂಗ್ಲಿಷಿನಲ್ಲಿ ಹೇಳುತ್ತದೆ. ಇಂಚು ಬೇಕೋ ಮಿಲಿಮೀಟರು ಬೇಕೋ ಆರಿಸಿಕೊಳ್ಳಬಹುದು. ಕೋಣೆಯ ಅಗಲ, ಬಾಗಿಲಿನ ಎತ್ತರ, ಪರದೆಯ ಬಟ್ಟೆಯ ಉದ್ದ ಇಂಥವನ್ನು ಅಳೆಯಲು ಇದಕ್ಕಿಂತ ಸುಲಭವಾದದ್ದು ಇಲ್ಲ. ಆದರೆ ಹಲಗೆ ಕೊಯ್ಯುವ ಕೆಲಸಕ್ಕೆ ಇಳಿದಾಗ ಅದರ ಕೊರತೆ ಗೊತ್ತಾಗುತ್ತದೆ. ಟೇಪು 412 ಮಿಲಿಮೀಟರ್ ಎಂದು ಹೇಳುತ್ತದೆ, ಸರಿ. ಆ 412 ಹಲಗೆಯ ಮೇಲೆ ಎಲ್ಲಿದೆ ಎಂದು ತೋರಿಸುವುದಿಲ್ಲ. ಒಂದು ಕೈಯಲ್ಲಿ ಟೇಪಿನ ಪೆಟ್ಟಿಗೆ ಹಿಡಿದು, ಅದು ಅಲುಗದಂತೆ ನೋಡಿಕೊಂಡು, ಇನ್ನೊಂದು ಕೈಯಲ್ಲಿ ಚಾಕುವಿನಿಂದ ಗೀರಬೇಕು, ಅಷ್ಟರಲ್ಲಿ ಪೆಟ್ಟಿಗೆ ಕೂದಲೆಳೆಯಷ್ಟು ಸರಿದಿರುತ್ತದೆ. ಪೆನ್ಸಿಲಿನ ಗೆರೆ ನಮಗೆ ನಿರುಪಯೋಗಿ, ಬೆರಳಿಗೆ ಸಿಗುವುದು ಚಾಕುವಿನ ಗೀರು ಮಾತ್ರ. ಪಕ್ಕದಲ್ಲಿ ಗ್ರೈಂಡರ್ ಓಡುತ್ತಿದ್ದರಂತೂ ಅದು ಹೇಳಿದ್ದು ಹದಿನಾಲ್ಕೋ ನಲವತ್ತೋ ಎಂಬ ಅನುಮಾನ ಉಳಿದೇ ಬಿಡುತ್ತದೆ.

ಇದಕ್ಕೆ ಎದುರಾಗಿ ನಿಲ್ಲುವುದು ಥ್ರೆಡ್ ಸರಳು, ಅಂದರೆ ಉದ್ದಕ್ಕೂ ಸ್ಕ್ರೂವಿನಂತೆ ಸುರುಳಿ ಕೊರೆದ ಸರಳು. ಅಮೆರಿಕದ ಅಂಧ ಬಡಿಗರು ಬಹಳ ಕಾಲದಿಂದ ಬಳಸುತ್ತ ಬಂದಿರುವ ಈ ಉಪಾಯದ ಗುಟ್ಟು ಬಹಳ ಸರಳ: ಇಂಚಿಗೆ 16 ಥ್ರೆಡ್ ಇರುವ ಸರಳಿನ ಮೇಲೆ ನಟ್ಟನ್ನು ಒಂದು ಪೂರ್ತಿ ಸುತ್ತು ತಿರುಗಿಸಿದರೆ ಅದು ಇಂಚಿನ ಹದಿನಾರನೆಯ ಒಂದು ಪಾಲು ಮುಂದೆ ಹೋಗುತ್ತದೆ, ಅರ್ಧ ಸುತ್ತಿಗೆ ಮೂವತ್ತೆರಡನೆಯ ಒಂದು ಪಾಲು. ನಮ್ಮ ಬಡಿಗರ ಒಂದು ಸೂತ ಎಂದರೆ ಇಂಚಿನ ಎಂಟನೆಯ ಒಂದು ಪಾಲು, ಅಂದರೆ ಸರಿಯಾಗಿ ಎರಡು ಸುತ್ತು. ಹೀಗಾಗಿ ಬಡಿಗ 'ಎರಡು ಸೂತ ಕಡಿಮೆ ಮಾಡಿರಿ' ಎಂದಾಗ ಲೆಕ್ಕ ಹಾಕುವ ಅಗತ್ಯವೇ ಬೀಳುವುದಿಲ್ಲ, ನಟ್ಟನ್ನು ನಾಲ್ಕು ಸುತ್ತು ಹಿಂದಕ್ಕೆ ತಂದರೆ ಆಯಿತು. ಗೋಕುಲ ರಸ್ತೆಯ ಕೈಗಾರಿಕಾ ವಸಾಹತಿನ ಒಂದು ಲೇಥ್ ಅಂಗಡಿಯಲ್ಲಿ ಮೂರೆಂಟನೆಯ ಇಂಚಿನ, ಅಂದರೆ ಮೂರು ಸೂತ ದಪ್ಪದ ವಿಟ್‌ವರ್ತ್ (ಇಂಚಿನ ಲೆಕ್ಕದ ಥ್ರೆಡ್, ಈ ದಪ್ಪಕ್ಕೆ ಇಂಚಿಗೆ 16) ಸರಳಿನ ಒಂದು ಅಡಿ ತುಂಡು ತೆಗೆದುಕೊಂಡು, ಅದರ ಒಂದು ಬದಿಯನ್ನು ಉದ್ದಕ್ಕೂ ಚಪ್ಪಟೆಯಾಗಿ ಉಜ್ಜಿಸಿ, ಆ ಚಪ್ಪಟೆಯ ಮೇಲೆ ಇಂಚಿಗೊಂದು ಆಳವಾದ ಗೀರು, ಅರ್ಧ ಇಂಚಿಗೊಂದು ತೆಳುವಾದ ಗೀರು ಹಾಕಿಸಿಕೊಂಡೆ. ಖರ್ಚು ಮಾತನಾಡುವ ಟೇಪಿನ ಬೆಲೆಯ ಹತ್ತರಲ್ಲಿ ಒಂದು ಪಾಲೂ ಆಗಲಿಲ್ಲ.

ಕೊಳ್ಳುವಾಗ ಒಂದು ಎಚ್ಚರ ಬೇಕು. ಮೂರು ಸೂತದ ಸರಳಿಗೂ ಎಂ10 ಸರಳಿಗೂ (ಮೆಟ್ರಿಕ್ ಲೆಕ್ಕದ, 10 ಮಿಲಿಮೀಟರ್ ದಪ್ಪದ್ದು) ದಪ್ಪದಲ್ಲಿ ಅರ್ಧ ಮಿಲಿಮೀಟರಿನಷ್ಟೂ ವ್ಯತ್ಯಾಸವಿಲ್ಲ, ಕೈಯಲ್ಲಿ ಹಿಡಿದರೆ ಎರಡೂ ಒಂದೇ ಅನ್ನಿಸುತ್ತವೆ. ಎಂ10ರಲ್ಲಿ ಒಂದು ಸುತ್ತಿಗೆ 1.5 ಮಿಲಿಮೀಟರ್ ಆಗುವುದರಿಂದ ಇಂಚಿನ ಲೆಕ್ಕಕ್ಕೂ ಮೆಟ್ರಿಕ್ ಲೆಕ್ಕಕ್ಕೂ ಅದು ಒಗ್ಗುವುದಿಲ್ಲ. ಎಂ10 ನಟ್ಟನ್ನು ಜೊತೆಗೆ ಒಯ್ದರೆ ಗೊತ್ತಾಗುತ್ತದೆ. ಅದು ಮೂರು ಸೂತದ ಸರಳಿನ ಮೇಲೆ ಸಡಿಲವಾಗಿ ಹತ್ತಿ, ಸ್ವಲ್ಪ ಮುಂದೆ ಹೋಗಿ ಹಿಡಿದುಕೊಳ್ಳುತ್ತದೆ. ಮಿಲಿಮೀಟರಿನಲ್ಲೇ ಕೆಲಸ ಮಾಡುವವರು ಎಂ6 ಸರಳನ್ನು ಆರಿಸಿಕೊಳ್ಳುವುದು ಮೇಲು, ಏಕೆಂದರೆ ಅದರ ಸಾಮಾನ್ಯ ಥ್ರೆಡ್ಡಿನಲ್ಲಿ ಒಂದು ಸುತ್ತಿಗೆ ಸರಿಯಾಗಿ 1 ಮಿಲಿಮೀಟರ್. ಸರಳು ತೆಳುವಾದ್ದರಿಂದ ಬೇಗ ಬಾಗುತ್ತದೆ ಎಂಬುದೊಂದೇ ಅದರ ದೋಷ.

ಸರಳಿನ ನಿಜವಾದ ಲಾಭ ಅದು ಅಳೆಯುತ್ತದೆ ಎಂಬುದಲ್ಲ, ಅಳತೆಯನ್ನು ಹಿಡಿದಿಟ್ಟುಕೊಳ್ಳುತ್ತದೆ ಎಂಬುದು. ನಟ್ಟನ್ನು ಬೇಕಾದ ಕಡೆ ನಿಲ್ಲಿಸಿ, ಹಿಂದಿನಿಂದ ಇನ್ನೊಂದು ನಟ್ಟು ತಂದು ಬಿಗಿದರೆ ಅದು ಅಲ್ಲಿಯೇ ನಿಲ್ಲುತ್ತದೆ. ಸರಳಿನ ತುದಿಯನ್ನು ಗರಗಸದ ಅಲಗಿಗೆ ತಾಗಿಸಿ, ನಟ್ಟಿನ ಮುಖಕ್ಕೆ ಒತ್ತಿ ಒಂದು ಕಟ್ಟಿಗೆಯ ತಡೆಯನ್ನು ಕ್ಲಾಂಪಿನಿಂದ ಬಿಗಿದುಬಿಟ್ಟರೆ, ಮುಂದೆ ಎಷ್ಟು ತುಂಡು ಕೊಯ್ದರೂ ಎಲ್ಲವೂ ಒಂದೇ ಉದ್ದ. ಈ ಇಡೀ ಕೆಲಸದಲ್ಲಿ ಅಂಕಿಯನ್ನು ಯಾರೂ ಹೇಳಬೇಕಾಗಿಲ್ಲ, ನೆನಪಿಡಬೇಕಾಗಿಯೂ ಇಲ್ಲ. ದೂರದ ಅಳತೆಗೆ ಮಾತ್ರ ಇದು ತಾಳ್ಮೆ ಪರೀಕ್ಷಿಸುತ್ತದೆ. ಎಂಟು ಇಂಚು ದೂರಕ್ಕೆ ನಟ್ಟು ತಿರುಗಿಸಬೇಕೆಂದರೆ ನೂರಿಪ್ಪತ್ತೆಂಟು ಸುತ್ತು! ಗೀರುಗಳನ್ನು ಎಣಿಸಿ ಹತ್ತಿರ ತಂದು, ಕೊನೆಯ ಕೆಲವೇ ಸುತ್ತುಗಳನ್ನು ಎಣಿಸುವುದು ರೂಢಿ, ಆದರೂ ನಟ್ಟು ಅಷ್ಟು ದೂರ ತಿರುಗಲೇಬೇಕು. ಪರಿಚಿತರೊಬ್ಬರಿಂದ ಎರವಲು ತಂದ ಕ್ಲಿಕ್ ರೂಲ್ ಈ ವಿಷಯದಲ್ಲಿ ಮುಂದಿದೆ. ಅದರಲ್ಲಿ ಕೊಳವೆಯೊಳಗಿನ ಸರಳನ್ನು ಎಳೆದರೆ ಇಂಚಿನ ಹದಿನಾರನೆಯ ಪಾಲಿಗೊಮ್ಮೆ ಟಿಕ್ ಎಂದು ಬೆರಳಿಗೂ ಕಿವಿಗೂ ತಿಳಿಯುತ್ತದೆ, ಅರ್ಧ ಇಂಚುಗಳಿಗೆ ಬೇರೆ ಗೀರುಗಳಿವೆ. ಕೆಲಸ ಬೇಗ ಆಗುತ್ತದೆ. ಆದರೆ ಎರಡು ಟಿಕ್‌ಗಳ ನಡುವಿನ ಅಳತೆಗೆ ಅದರಲ್ಲಿ ಜಾಗವಿಲ್ಲ, ಮೇಲಾಗಿ ಅದು ನಮ್ಮ ಅಂಗಡಿಗಳಲ್ಲಿ ಸಿಗುವ ವಸ್ತುವಲ್ಲ. ಸರಳನ್ನಾದರೆ ಯಾವ ಲೇಥ್ ಅಂಗಡಿಯವನೂ ಮಾಡಿಕೊಡುತ್ತಾನೆ.

ಇವೆಲ್ಲಕ್ಕಿಂತ ಅಗ್ಗದ ನಾಲ್ಕನೆಯದೊಂದಿದೆ, ಕಚ್ಚು ಹಾಕಿದ ಕಟ್ಟಿಗೆಯ ಪಟ್ಟಿ. ಕಪಾಟು ಮಾಡುವಾಗ ಪ್ರತಿಯೊಂದು ಹಲಗೆಯ ಜಾಗವನ್ನೂ ಒಂದೇ ಪಟ್ಟಿಯ ಮೇಲೆ ಕಚ್ಚು ಮಾಡಿಟ್ಟುಕೊಂಡರೆ ಎರಡೂ ಬದಿಗೆ ಅದನ್ನೇ ಹಿಡಿದು ಗೀರಬಹುದು. ಧಾರವಾಡದ ಕಡೆಯ ಮಳೆಗಾಲದಲ್ಲಿ ಕಟ್ಟಿಗೆ ಉಬ್ಬುತ್ತದಲ್ಲ, ಪಟ್ಟಿಯನ್ನು ನಂಬುವುದು ಹೇಗೆ ಎಂದು ಕೇಳುವವರಿದ್ದಾರೆ. ಕಟ್ಟಿಗೆ ಉಬ್ಬುವುದು ಎಳೆಗೆ ಅಡ್ಡಲಾಗಿ. ಎಳೆಯ ಉದ್ದಕ್ಕೆ ಆಗುವ ಬದಲಾವಣೆ ಗಮನಕ್ಕೇ ಬಾರದಷ್ಟು ಕಡಿಮೆ. ಬಾಗಿಲು ಜೂನಿನಲ್ಲಿ ಅಗಲಕ್ಕೆ ಹಿಡಿದುಕೊಳ್ಳುತ್ತದೆಯೇ ಹೊರತು ಎತ್ತರಕ್ಕಲ್ಲ. ನನ್ನ ಶೆಡ್ಡಿನಲ್ಲಿ ಈಗ ದಿನಬಳಕೆಗೆ ಸರಳು ಮತ್ತು ಪಟ್ಟಿ, ಮನೆಯ ಒಳಗಿನ ಅಳತೆಗೆ ಟೇಪು.

ಕಾರಿನ ವಿಷಯಕ್ಕೆ ಬಂದರೆ, ಓಡಿಸುವವಳು ಮಗಳು, ಚಕ್ರ ಕಳಚಿ ಬೀಳದಂತೆ ನೋಡಿಕೊಳ್ಳುವುದು ನನ್ನ ಪಾಲು. ನಟ್ಟಿನ ಬಿಗಿಯನ್ನು ಮೂರು ರೀತಿಯಲ್ಲಿ ನೋಡಿದ್ದೇನೆ. ಒಂದನೆಯದು ಗ್ಯಾರೇಜಿನ ಹುಡುಗರ ಪದ್ಧತಿ, ಪಾನಾದ ಮೇಲೆ ಹತ್ತಿ ನಿಲ್ಲುವುದು. ನಮ್ಮ ಸಣ್ಣ ಕಾರಿನ ಕೈಪಿಡಿ ಚಕ್ರದ ನಟ್ಟಿಗೆ 85 ನ್ಯೂಟನ್ ಮೀಟರ್ ಹೇಳುತ್ತದೆ. 25 ಸೆಂಟಿಮೀಟರ್ ಉದ್ದದ ಪಾನಾದ ತುದಿಯಲ್ಲಿ ಸುಮಾರು 35 ಕಿಲೋ ಭಾರ ಬಿದ್ದರೆ ಅಷ್ಟು ಬಿಗಿ ಬರುತ್ತದೆ. 60 ಕಿಲೋದ ಹುಡುಗ ಅದರ ತುದಿಯಲ್ಲಿ ನಿಂತರೆ ಬಿಗಿ 147 ಆಗುತ್ತದೆ. ಹಾಗೆ ಬಿಗಿದ ನಟ್ಟನ್ನು ದಾರಿಯಲ್ಲಿ ಪಂಕ್ಚರ್ ಆದಾಗ ಬಿಚ್ಚಬೇಕಾದವರು ಆ ಹುಡುಗನನ್ನು ನೆನೆಯದೆ ಇರಲಾರರು.

ಎರಡನೆಯದು ಕ್ಲಿಕ್ ಟಾರ್ಕ್ ಪಾನಾ, ಟಾರ್ಕ್ ಎಂದರೆ ತಿರುಚುವ ಬಲ. ನಿಗದಿಯಾದ ಬಿಗಿ ಬಂದೊಡನೆ ಹಿಡಿಕೆಯೊಳಗೆ ಟಕ್ ಎಂದು ಮುರಿದಂತಾಗುತ್ತದೆ, ಅದು ಅಂಗೈಗೇ ಗೊತ್ತಾಗುವುದರಿಂದ ಕಣ್ಣಿನ ಕೆಲಸ ಇಲ್ಲ. ಕಣ್ಣು ಬೇಕಾಗುವುದು ಬಿಗಿಯನ್ನು ನಿಗದಿ ಮಾಡುವಾಗ, ಏಕೆಂದರೆ ಹಿಡಿಕೆಯ ಮೇಲಿನ ಅಂಕಿಗಳು ಬೆರಳಿಗೆ ಸಿಗುವಷ್ಟು ಆಳವಾಗಿಲ್ಲ. ಇದಕ್ಕೂ ಉಪಾಯವಿದೆ. ನನ್ನ ಪಾನಾದ ಅಳತೆ 28ರಿಂದ 210 ನ್ಯೂಟನ್ ಮೀಟರ್, ಹಿಡಿಕೆಯ ಒಂದು ಪೂರ್ತಿ ಸುತ್ತಿಗೆ 14 ಏರುತ್ತದೆ. ಒಳಗಿನ ಸ್ಪ್ರಿಂಗ್ ದಣಿಯದಿರಲೆಂದು ಇಂಥ ಪಾನಾವನ್ನು ಕೆಲಸ ಮುಗಿದ ಮೇಲೆ ಅತಿ ಕಡಿಮೆ ಅಂಕಿಗೆ ತಂದಿಡಬೇಕೆಂಬ ನಿಯಮವಿದೆ. ಆ ನಿಯಮವೇ ನಮಗೆ ಶುರುವಿನ ಗುರುತು. 28ರಿಂದ ನಾಲ್ಕು ಸುತ್ತು ತಿರುಗಿಸಿದರೆ 84, ಇನ್ನೊಂದು ಚೂರು ಮುಂದೆ ಹೋದರೆ 85 ಹತ್ತಿರ. ಹಿಡಿಕೆಯಲ್ಲೂ ಕೊಳವೆಯಲ್ಲೂ ಎದುರುಬದುರಾಗಿ ಒಂದೊಂದು ಗೀರು ಹಾಕಿಸಿಕೊಂಡರೆ ಸುತ್ತು ಪೂರ್ತಿಯಾದದ್ದು ಉಗುರಿಗೆ ತಿಳಿಯುತ್ತದೆ. ನಿಮ್ಮ ಪಾನಾದಲ್ಲಿ ಸುತ್ತಿಗೆ ಎಷ್ಟು ಎಂಬುದನ್ನು ಕಣ್ಣಿದ್ದವರಿಂದ ಒಂದು ಸಲ ಓದಿಸಿಕೊಳ್ಳಬೇಕು.

ಮೂರನೆಯದು ಡಿಜಿಟಲ್ ಪಾನಾ. ಬೀಪ್ ಎನ್ನುತ್ತದೆ, ನಡುಗುತ್ತದೆ, ಬಿಗಿ ಹತ್ತಿರ ಬಂದಾಗ ಮೊದಲೇ ಎಚ್ಚರಿಸುತ್ತದೆ. ನಮಗೆಂದೇ ಮಾಡಿದ್ದೇನೋ ಎನ್ನಿಸುತ್ತದೆ. ಆದರೆ ಅಂಕಿ ನಿಗದಿ ಮಾಡಲು ಪರದೆ ನೋಡುತ್ತ ಗುಂಡಿ ಒತ್ತಬೇಕು, ಏಕಮಾನ ಯಾವುದಿದೆ ಎಂದು ತಿಳಿಯಲೂ ಪರದೆಯೇ ಬೇಕು. ಏಕಮಾನ ಬದಲಾಗಿದ್ದರೆ ಬೀಪ್ ಅಷ್ಟೇ ಧೈರ್ಯದಿಂದ ತಪ್ಪು ಜಾಗದಲ್ಲಿ ಕೂಗುತ್ತದೆ. ಮಾತನಾಡದ ಕ್ಲಿಕ್ ಪಾನಾ ನನ್ನ ಕೈಗೆ ಇದಕ್ಕಿಂತ ಹೆಚ್ಚು ಪ್ರಾಮಾಣಿಕವಾಗಿ ಕಂಡಿತು.

ಯಾವ ಪಾನಾ ಆದರೂ ಕೆಲಸದ ಕ್ರಮ ಒಂದೇ. ಗಾಳಿ ತುಂಬುವ ವಾಲ್ವನ್ನು ಮೊದಲು ಮುಟ್ಟಿ ಹುಡುಕಿ, ಅದಕ್ಕೆ ಹತ್ತಿರದ ನಟ್ಟನ್ನು ಒಂದನೆಯದೆಂದು ಹಿಡಿದು, ಅಲ್ಲಿಂದ ಎದುರುಬದುರಾಗಿ ಬಿಗಿಯುತ್ತ ಹೋಗಬೇಕು. ಹೀಗೆ ಮಾಡಿದರೆ ಯಾವುದು ಆಯಿತು, ಯಾವುದು ಉಳಿಯಿತು ಎಂಬ ಗೊಂದಲ ಇರುವುದಿಲ್ಲ. ಕೊನೆಯ ಬಿಗಿ ಕೊಡುವುದು ಜ್ಯಾಕ್ ಇಳಿಸಿ ಚಕ್ರ ನೆಲಕ್ಕೆ ತಾಗಿದ ಮೇಲೆ. ಥ್ರೆಡ್ಡಿಗೆ ಎಣ್ಣೆ ಹಚ್ಚಬಾರದು, ಹಚ್ಚಿದರೆ ಪಾನಾ ಟಕ್ ಎನ್ನುವಷ್ಟರಲ್ಲಿ ನಟ್ಟು ಇರಬೇಕಾದ್ದಕ್ಕಿಂತ ಹೆಚ್ಚು ಬಿಗಿದಿರುತ್ತದೆ. ಮಗಳು ಧಾರವಾಡಕ್ಕೆ ಒಂದೆರಡು ಸಲ ಹೋಗಿಬಂದ ಮೇಲೆ ಇನ್ನೊಮ್ಮೆ ನೋಡುತ್ತೇನೆ.

ಟೈರಿನ ಗಾಳಿಯ ವಿಷಯದಲ್ಲಿ ನನ್ನ ಒಲವು ತಿರುವು ಮುರುವಾಗುತ್ತದೆ. ಒತ್ತಡವನ್ನು ಮುಟ್ಟಿ ನೋಡಲಾಗದು; ಟೈರನ್ನು ಒದ್ದು ನೋಡುವವರಿಗೆ ಗೊತ್ತಾಗುವುದು ಅದು ಪೂರ್ತಿ ಇಳಿದಿದೆಯೋ ಇಲ್ಲವೋ ಎಂಬಷ್ಟೇ. ಪೆನ್ಸಿಲ್ ಆಕಾರದ ಹಳೆಯ ಗೇಜಿನಲ್ಲಿ ಗಾಳಿ ತಳ್ಳಿದಷ್ಟು ಕಡ್ಡಿ ಹೊರಗೆ ಬಂದು ಅಲ್ಲೇ ನಿಲ್ಲುತ್ತದೆ, ಬೇಕಾದ ಅಂಕಿಯ ಜಾಗದಲ್ಲಿ ಅರದಿಂದ ಒಂದು ಕಚ್ಚು ಹಾಕಿಸಿಕೊಂಡರೆ ಅದನ್ನೂ ಬಳಸಬಹುದು. ಆದರೆ ಗೆರೆಗಳು ಬಹಳ ಒತ್ತಾಗಿರುವುದರಿಂದ ಎರಡು ಮೂರು ಪಿಎಸ್‌ಐ ಹೆಚ್ಚುಕಡಿಮೆ ಆಗುವುದು ಸಹಜ. ಮಾತನಾಡುವ ಗೇಜು ಇಲ್ಲಿ ನಿಸ್ಸಂದೇಹವಾಗಿ ಮೇಲು. ಎರಡರಲ್ಲಿ ಯಾವುದಾದರೂ ಬೆಳಿಗ್ಗೆ ಕಾರು ಹೊರಡುವ ಮೊದಲು ನೋಡಬೇಕು, ಓಡಿ ಬಿಸಿಯಾದ ಟೈರು ಹೆಚ್ಚು ತೋರಿಸುತ್ತದೆ.

ಬ್ಯಾಟರಿಗೂ ತಂತಿಗಳಿಗೂ ಮೊದಲು ನಾನು ಆಶ್ರಯಿಸಿದ್ದು ಸಾಮಾನ್ಯ ಮಲ್ಟಿಮೀಟರ್ ಮತ್ತು ಫೋನಿನ ಕ್ಯಾಮೆರಾ. ತಂತಿ ತುಂಡಾಗಿದೆಯೇ, ಫ್ಯೂಸ್ ಹೋಗಿದೆಯೇ ಎಂದು ನೋಡಲು ಮೀಟರಿನ ಬೀಪ್ ಸಾಕು. ವೋಲ್ಟೇಜಿಗೆ ಪರದೆ ಓದಿಸಬೇಕು, ಫೋನಿನ ಆ್ಯಪ್‌ಗಳು ಈ ಕಡ್ಡಿಕಡ್ಡಿ ಅಂಕಿಗಳನ್ನು ಓದುವಾಗ ದಶಮಾಂಶದ ಚುಕ್ಕೆಯನ್ನು ನುಂಗಿಬಿಡುತ್ತವೆ. 12.6 ವೋಲ್ಟ್ ಇದ್ದರೆ ಬ್ಯಾಟರಿ ತುಂಬಿದೆ, 12ಕ್ಕಿಂತ ಕೆಳಗಿದ್ದರೆ ಹೆಚ್ಚುಕಡಿಮೆ ಖಾಲಿ. ಅರ್ಧ ವೋಲ್ಟಿನಲ್ಲೇ ಎಲ್ಲ ತೀರ್ಮಾನವಾಗುವಾಗ ಇಂಥ ಓದುವಿಕೆಯನ್ನು ನೆಚ್ಚುವುದು ಕಷ್ಟ. ಬಿ ಮೈ ಐಸ್ ಎಂಬ ಆ್ಯಪ್ ಮೂಲಕ ಕಣ್ಣಿದ್ದ ಯಾರಾದರೂ ಸ್ವಯಂಸೇವಕರನ್ನು ವಿಡಿಯೋ ಕರೆಯಲ್ಲಿ ಕರೆದು ಓದಿಸಿದರೆ ಅಂಕಿ ಸರಿಯಾಗಿ ಬರುತ್ತದೆ, ಬಾನೆಟ್ಟಿನ ಕೆಳಗೆ ಎರಡೂ ಕೈಯಲ್ಲಿ ತಂತಿ ಹಿಡಿದಿರುವಾಗ ಫೋನನ್ನು ಹಿಡಿಯುವವರು ಯಾರು ಎಂಬ ಪ್ರಶ್ನೆ ಉಳಿಯುತ್ತದೆ. ಇದಕ್ಕೆ ಬದಲಾಗಿ 12 ವೋಲ್ಟಿನ ಒಂದು ಬಜರಿಗೆ ಎರಡು ಕ್ಲಿಪ್ ಕೂಡಿಸಿ ಇಟ್ಟುಕೊಂಡಿದ್ದೇನೆ. ದೀಪಕ್ಕೆ, ಹಾರ್ನಿಗೆ, ವೈಪರಿಗೆ ವಿದ್ಯುತ್ತು ಬರುತ್ತಿದೆಯೇ ಎಂಬುದನ್ನು ಅದು ತಕ್ಷಣ ಕೂಗಿ ಹೇಳುತ್ತದೆ. ಬ್ಯಾಟರಿ ಸೋತಿದೆಯೇ ಎಂಬುದನ್ನು ಮಾತ್ರ ಹೇಳಲಾರದು, 10 ವೋಲ್ಟಿದ್ದರೂ ಅದೇ ದನಿ. ಆ ಒಂದು ಅಂಕಿಗೆ ಈಗಲೂ ಪಕ್ಕದ ಮನೆಯವರನ್ನು ಕರೆದು ಮೀಟರ್ ಓದಿಸುತ್ತೇನೆ; ಮಾತನಾಡುವ ಮೀಟರ್ ಸಿಗುತ್ತದಾದರೂ, ವರ್ಷಕ್ಕೆ ನಾಲ್ಕಾರು ಸಲದ ಕೆಲಸಕ್ಕೆ ಅಷ್ಟು ಹಣ ಹಾಕಲು ಮನಸ್ಸು ಒಪ್ಪಿಲ್ಲ.