ಕಿಡ್ನಿ ರಿಸ್ಕ್ ಕ್ಯಾಲ್ಕುಲೇಟರ್: ಸೂತ್ರ ಗಟ್ಟಿ, ತುಂಬುವ ಅಂಕಿಯಲ್ಲೇ ಎಡವಟ್ಟು

"ಕ್ರಿಯಾಟಿನಿನ್ (ಸ್ನಾಯುವಿನಿಂದ ಬರುವ, ಕಿಡ್ನಿ ಹೊರಹಾಕಬೇಕಾದ ತ್ಯಾಜ್ಯ) 2.3 ಬಂದಿದೆ, ಡಯಾಲಿಸಿಸ್ ಯಾವಾಗ ಬೇಕಾಗುತ್ತೆ?" ಈ ಪ್ರಶ್ನೆಗೆ ಶೇಕಡಾ ಲೆಕ್ಕದಲ್ಲಿ ಉತ್ತರ ಕೊಡುವ ಉಚಿತ ಆನ್‌ಲೈನ್ ಸಾಧನ ಕಿಡ್ನಿ ಫೇಲ್ಯೂರ್ ರಿಸ್ಕ್ ಈಕ್ವೇಶನ್. ಕೆನಡಾದ ನವದೀಪ್ ತಂಗ್ರಿ ಮತ್ತು ಸಂಗಡಿಗರು 2011ರಲ್ಲಿ ಪ್ರಕಟಿಸಿದ ಸೂತ್ರವಿದು. ವಯಸ್ಸು, ಲಿಂಗ, ಇಜಿಎಫ್‌ಆರ್ (ರಕ್ತದ ಕ್ರಿಯಾಟಿನಿನ್‌ನಿಂದ ಲೆಕ್ಕ ಹಾಕುವ, ಕಿಡ್ನಿ ಸೋಸುವ ವೇಗದ ಅಂದಾಜು), ಮೂತ್ರದಲ್ಲಿನ ಅಲ್ಬುಮಿನ್ ಎಂಬ ಪ್ರೋಟೀನ್ ಮತ್ತು ಕ್ರಿಯಾಟಿನಿನ್‌ನ ಅನುಪಾತ (ಎಸಿಆರ್), ಇಷ್ಟು ಕೊಟ್ಟು ಪ್ರದೇಶ ಆರಿಸಿದರೆ ಸಾಕು: 2 ಮತ್ತು 5 ವರ್ಷದೊಳಗೆ ಡಯಾಲಿಸಿಸ್ ಅಥವಾ ಕಸಿ ಬೇಕಾಗುವ ಸಾಧ್ಯತೆ ತೋರಿಸುತ್ತದೆ. ಇಜಿಎಫ್‌ಆರ್ 60ಕ್ಕಿಂತ ಕೆಳಗಿರುವವರಿಗಷ್ಟೇ ಇದು ಅನ್ವಯ.

60 ವರ್ಷದ ಗಂಡಸು, ಇಜಿಎಫ್‌ಆರ್ 30, ಎಸಿಆರ್ 300 ಮಿ.ಗ್ರಾಂ/ಗ್ರಾಂ ಎಂದಿಟ್ಟುಕೊಳ್ಳಿ. 5 ವರ್ಷಕ್ಕೆ ಸುಮಾರು ಶೇ. 21, 2 ವರ್ಷಕ್ಕೆ ಶೇ. 6 ಬರುತ್ತದೆ. ಪ್ರದೇಶದ ಜಾಗದಲ್ಲಿ 'ಉತ್ತರ ಅಮೆರಿಕ' ಹಾಗೇ ಬಿಟ್ಟರೆ 21 ಇದ್ದದ್ದು 25 ಆಗುತ್ತದೆ. ನಮ್ಮವರು 'ಉತ್ತರ ಅಮೆರಿಕದ ಹೊರಗೆ' ಎಂಬುದನ್ನೇ ಆರಿಸಬೇಕು. ಇದಕ್ಕಿಂತ ದೊಡ್ಡ ಅಪಾಯ ಯೂನಿಟ್‌ನದು. ಅದೇ 300ನ್ನು ಮಿ.ಗ್ರಾಂ/ಮಿಲಿಮೋಲ್ ಜಾಗದಲ್ಲಿ ಹಾಕಿದರೆ ಉತ್ತರ ಶೇ. 46ಕ್ಕೆ ಜಿಗಿಯುತ್ತದೆ! ಮನೆಮಂದಿಯ ನಿದ್ದೆಗೆಡಿಸಲು ಅಷ್ಟು ಸಾಕು. 8.84ರಿಂದ ಭಾಗಿಸಿ, 34 ಎಂದು ಹಾಕಬೇಕಿತ್ತು.

ಎಸಿಆರ್ ದಿನದಿಂದ ದಿನಕ್ಕೆ ವಿಪರೀತ ಏರಿಳಿಯುತ್ತದೆ. ಮೇಲಿನ ಉದಾಹರಣೆಯಲ್ಲಿ ಅದು 150 ಇದ್ದಿದ್ದರೆ 21ರ ಬದಲು 16. ಬೆಳಗಿನ ಮೊದಲ ಮೂತ್ರವನ್ನೇ ಕೊಡಿ. ಜ್ವರ, ಮೂತ್ರದ ಸೋಂಕು, ಮುಟ್ಟು, ಹಿಂದಿನ ದಿನದ ಭಾರಿ ವ್ಯಾಯಾಮ ಇದ್ದರೆ ಮುಂದಕ್ಕೆ ಹಾಕಿ. ರಿಪೋರ್ಟಿನಲ್ಲಿ ಬರೀ 'ಮೈಕ್ರೋಅಲ್ಬುಮಿನ್ ಮಿ.ಗ್ರಾಂ/ಲೀಟರ್' ಇದ್ದರೆ ಅದು ಎಸಿಆರ್ ಅಲ್ಲ. ಮೂತ್ರದಲ್ಲಿ ಅದ್ದುವ ಪಟ್ಟಿ ಪರೀಕ್ಷೆಯ 'ಎರಡು ಪ್ಲಸ್' ಕೂಡ ನಡೆಯದು.

ಕ್ರಿಯಾಟಿನಿನ್ ಕಥೆಯೂ ಅಷ್ಟೇ. ಅದೇ ಗಂಡಸಿಗೆ 2.1 ಬಂದ ದಿನ 5 ವರ್ಷದ ಅಪಾಯ ಶೇ. 15, 2.5 ಬಂದ ದಿನ ಶೇ. 28. ವಾಂತಿ-ಭೇದಿ, ನೋವಿನ ಮಾತ್ರೆ, ಪರೀಕ್ಷೆಗೆ ಮುಂಚಿನ ಮಾಂಸದೂಟ ಇದನ್ನು ಏರಿಸುತ್ತವೆ. ಸೊರಗಿದ ವೃದ್ಧರಲ್ಲಿ ಸ್ನಾಯುವೇ ಕಡಿಮೆ, ಹಾಗಾಗಿ ಕ್ರಿಯಾಟಿನಿನ್ ತಗ್ಗಿ ಕಿಡ್ನಿ ಇರುವುದಕ್ಕಿಂತ ಚೆನ್ನಾಗಿ ಕಾಣುತ್ತದೆ; ಅಂಥವರಿಗೆ ಸ್ನಾಯುವನ್ನು ಅಷ್ಟಾಗಿ ಅವಲಂಬಿಸದ ಸಿಸ್ಟಾಟಿನ್ ಸಿ ರಕ್ತಪರೀಕ್ಷೆ ಮಾಡಿಸುವುದು ಒಳ್ಳೆಯದು. ಲ್ಯಾಬ್ ಇಜಿಎಫ್‌ಆರ್ ಲೆಕ್ಕದ 2009ರ ಸೂತ್ರ ಬಿಟ್ಟು 2021ರದ್ದು ಹಿಡಿದರೂ ಅದೇ ರಕ್ತಕ್ಕೆ ಇಜಿಎಫ್‌ಆರ್ ಬೇರೆ. ಕನಿಷ್ಠ ಮೂರು ತಿಂಗಳ ಅಂತರದ ಎರಡು ರಿಪೋರ್ಟ್, ಒಂದೇ ಲ್ಯಾಬ್‌ನಿಂದ, ಕೈಯಲ್ಲಿರಲಿ.

ಸಾಧನದ ನಿಜವಾದ ಕೊರತೆ ಬೇರೆ. ನಾಲ್ಕು ಮಾಹಿತಿಯ ಈ ಲೆಕ್ಕಕ್ಕೆ ಒಂದು ದಿನದ ಚಿತ್ರ ಮಾತ್ರ ಗೊತ್ತು; ಕಳೆದ ಎರಡು ವರ್ಷದಲ್ಲಿ ಎಷ್ಟು ಇಳಿಯಿತು, ಕಾರಣ ಸಕ್ಕರೆ ಕಾಯಿಲೆಯೋ ಪಾಲಿಸಿಸ್ಟಿಕ್ ಕಿಡ್ನಿಯೋ ಎಂದು ಕೇಳುವುದೇ ಇಲ್ಲ. ಡಾಪಾಗ್ಲಿಫ್ಲೋಜಿನ್ ಅಥವಾ ಟೆಲ್ಮಿಸಾರ್ಟಾನ್ ಶುರುವಾದ ಮೊದಲ ವಾರಗಳಲ್ಲಿ ಇಜಿಎಫ್‌ಆರ್ ಸ್ವಲ್ಪ ಇಳಿಯುವುದು ಸಹಜ. ಔಷಧ ಕಿಡ್ನಿ ಕಾಯುತ್ತಿರುವಾಗಲೇ ಆ ಇಳಿಕೆಯಿಂದ ಅಪಾಯ ಹೆಚ್ಚಿದಂತೆ ಕಾಣಬಹುದು. ಅದನ್ನು ನೋಡಿ ಮಾತ್ರೆ ನಿಲ್ಲಿಸುವುದು ದೊಡ್ಡ ತಪ್ಪು. ಎಂಬತ್ತು ದಾಟಿದವರಿಗೆ ಅಪಾಯವನ್ನು ಹೆಚ್ಚಾಗಿಯೇ ತೋರಿಸುತ್ತದೆ, ಏಕೆಂದರೆ ಹೃದ್ರೋಗ ಮೊದಲೇ ಬಲಿ ಪಡೆಯುವ ಸಂಭವವನ್ನು ಅದು ಲೆಕ್ಕಕ್ಕಿಟ್ಟಿಲ್ಲ.

ಇಷ್ಟಿದ್ದೂ, ಕ್ರಿಯಾಟಿನಿನ್ ಒಂದನ್ನೇ ನೋಡಿ ಊಹಿಸುವುದಕ್ಕಿಂತ ಇದು ಎಷ್ಟೋ ಮೇಲು. 5 ವರ್ಷದ ಅಪಾಯ ಶೇ. 5 ಮೀರಿದರೆ ನೆಫ್ರಾಲಜಿಸ್ಟ್ (ಕಿಡ್ನಿ ತಜ್ಞ) ಬಳಿ ಹೋಗಿ. 2 ವರ್ಷದ್ದು ಶೇ. 40 ದಾಟಿದರೆ ಕಸಿ ಮತ್ತು ಫಿಸ್ಟುಲಾ (ಡಯಾಲಿಸಿಸ್‌ಗಾಗಿ ಕೈಯ ರಕ್ತನಾಳಗಳನ್ನು ಜೋಡಿಸುವುದು) ಮಾತು ಆಗಲೇ ಎತ್ತಿ: ಫಿಸ್ಟುಲಾ ಬಲಿಯಲು ವಾರಗಳು, ತಿಂಗಳುಗಳೇ ಬೇಕು. ಅಲ್ಲಿಯವರೆಗೆ ಬಲಗೈ ಬಳಸುವವರು ಫಿಸ್ಟುಲಾಗೆ ಬೇಕಾಗುವ ಎಡಗೈಯಿಂದ ರಕ್ತ ತೆಗೆಯಲು ಬಿಡಬೇಡಿ.