ಲ್ಯಾಪ್‌ಟಾಪ್ ಕೊಳ್ಳುವವರೇ, ‘ರೈಜೆನ್ 5’, ‘ಐ7’ ಅನ್ನುವಲ್ಲಿಗೇ ನಿಲ್ಲಬೇಡಿ

ಮಗಳು ಇಂಜಿನಿಯರಿಂಗ್ ಸೇರಿದಳು ಅಂತ ಮನೆಯವರು ಆನ್‌ಲೈನಲ್ಲಿ ಲ್ಯಾಪ್‌ಟಾಪ್ ತರಿಸುತ್ತಾರೆ. ದಪ್ಪಕ್ಷರದಲ್ಲಿ ‘ರೈಜೆನ್ 5, 7000 ಸರಣಿ, 8 ಜಿಬಿ’ ಅಂತ ಇರುತ್ತದೆ. ರೈಜೆನ್ ಅನ್ನುವುದು ಎಎಂಡಿ ಕಂಪನಿಯ ಪ್ರೊಸೆಸರ್, ಅಂದರೆ ಲ್ಯಾಪ್‌ಟಾಪ್ ನಡೆಸುವ ಮುಖ್ಯ ಚಿಪ್‌ನ ಹೆಸರು. ಒಂದೆರಡು ಸೆಮಿಸ್ಟರ್ ಕಳೆದ ಮೇಲೆ ಮೊಬೈಲ್ ಆ್ಯಪ್ ಬರೆಯುವ ಆಂಡ್ರಾಯ್ಡ್ ಸ್ಟುಡಿಯೋ ಜೊತೆ ಎಮ್ಯುಲೇಟರ್ (ಪರದೆ ಮೇಲಿನ ನಕಲಿ ಫೋನ್) ತೆರೆದರೆ ಯಂತ್ರ ತಿಣುಕಾಡುತ್ತದೆ. ರ‍್ಯಾಮ್ ಹಾಕಿಸೋಣ ಅಂತ ಒಯ್ದು ಹಿಂಬದಿ ಬಿಚ್ಚಿಸಿದರೆ ಸ್ಲಾಟೇ ಇಲ್ಲ, ಮೆಮೊರಿ ಚಿಪ್‌ಗಳನ್ನು ಬೋರ್ಡಿಗೇ ಬೆಸೆದಿದ್ದಾರೆ. ಒಳಗಿರುವುದು ರೈಜೆನ್ 5 7520ಯು. ಅದು ಎಲ್‌ಪಿಡಿಡಿಆರ್5 ಮೆಮೊರಿಯನ್ನು ಮಾತ್ರ ಒಪ್ಪುವ ಚಿಪ್, ಆ ಬಗೆಯ ಮೆಮೊರಿಯನ್ನು ಸಾಮಾನ್ಯವಾಗಿ ಬೋರ್ಡಿಗೇ ಬೆಸೆಯುತ್ತಾರೆ, ಹಾಗಾಗಿ ಆಮೇಲೆ ರ‍್ಯಾಮ್ ಹೆಚ್ಚಿಸುವ ದಾರಿಯೇ ಇಲ್ಲ. ಕೊಂಡ ದಿನ ಎಷ್ಟಿತ್ತೋ ಕೊನೆಯವರೆಗೂ ಅಷ್ಟೇ, ಅದರಲ್ಲೂ ಒಂದಷ್ಟನ್ನು ಗ್ರಾಫಿಕ್ಸ್ ತೆಗೆದುಕೊಳ್ಳುತ್ತದೆ.

ಇಲ್ಲಿ ಯಾರೂ ಸುಳ್ಳು ಹೇಳಿಲ್ಲ. ಹೆಸರೇ ಮೋಸಗೊಳಿಸುವ ಹಾಗಿದೆ. 2023ರ ಲ್ಯಾಪ್‌ಟಾಪ್ ಚಿಪ್‌ಗಳಿಗೆಂದು ಎಎಂಡಿ ನಾಲ್ಕಂಕಿಯ ಪದ್ಧತಿ ತಂದಿತು. ಮೊದಲ ಅಂಕಿ ವರ್ಷ, ಎರಡನೆಯದು ದರ್ಜೆ, ಮೂರನೆಯದು ಒಳಗಿನ ವಿನ್ಯಾಸ. 7520ಯುನಲ್ಲಿ ಆ ಮೂರನೇ ಅಂಕಿ 2, ಅಂದರೆ 2019ರಲ್ಲಿ ಬಂದ ಝೆನ್ 2 ಎಂಬ ವಿನ್ಯಾಸ (ಝೆನ್ ಅಂಕಿ ದೊಡ್ಡದಾದಷ್ಟೂ ಹೊಸದು). ಕೋರ್ (ಚಿಪ್ ಒಳಗೆ ಲೆಕ್ಕ ಮಾಡುವ ಘಟಕ) ನಾಲ್ಕು, ಗ್ರಾಫಿಕ್ಸ್‌ನಲ್ಲಿ ಚಿತ್ರ ಮೂಡಿಸುವ ಕಂಪ್ಯೂಟ್ ಯೂನಿಟ್ ಎರಡೇ. ಪಕ್ಕದಲ್ಲೇ ಮಾರುತ್ತಿದ್ದ 7530ಯು ಝೆನ್ 3: ಆರು ಕೋರ್, ಏಳು ಯೂನಿಟ್. 7540ಯು ಝೆನ್ 4: ಆರು ಕೋರ್, ಗ್ರಾಫಿಕ್ಸ್ ಇನ್ನೂ ಹೊಸ ತಲೆಮಾರಿನದು. ಮೂರಕ್ಕೂ ‘ರೈಜೆನ್ 5’ ಅನ್ನುವ ಒಂದೇ ಸ್ಟಿಕ್ಕರ್. ಕಂಪನಿ ಈ ಸೂತ್ರವನ್ನು ಬಹಿರಂಗವಾಗಿಯೇ ಪ್ರಕಟಿಸಿತ್ತು, ನಿಜ. ಆದರೆ ವೇಗವನ್ನು ನಿರ್ಧರಿಸುವ ಅಂಕಿಯನ್ನು ಮೂರನೇ ಜಾಗಕ್ಕೆ ತಳ್ಳಿ ವರ್ಷವನ್ನು ಮುಂದಿಟ್ಟರೆ, ಹಳೇ ವಿನ್ಯಾಸ ಹೊಸದರ ಹಾಗೆ ಕಾಣುವುದು ಖಂಡಿತ. ಇದು ಗ್ರಾಹಕರಿಗೆ ಮಾಡಿದ ಅನ್ಯಾಯ ಎಂದೇ ನಮ್ಮ ಅಭಿಪ್ರಾಯ. 5000 ಸರಣಿಯಲ್ಲೂ ಇದೇ ಕಥೆ: 5700ಯು ಝೆನ್ 2, 5800ಯು ಝೆನ್ 3, ಎರಡೂ ‘ರೈಜೆನ್ 7’.

ಸೆಕೆಂಡ್ ಹ್ಯಾಂಡ್ ಮತ್ತು ರಿಫರ್ಬಿಶ್ಡ್ ಮಾಲಿನಲ್ಲಿ ಇಂಟೆಲ್ ಕಂಪನಿಯ ‘ಐ7’ ಅನ್ನುವ ಹೆಸರು ಇನ್ನೂ ಜೋರಾಗಿ ಓಡುತ್ತಿದೆ. ಐ7-6500ಯು, ಐ7-7500ಯು ಎರಡರಲ್ಲೂ ಇರುವುದು ಬರೀ ಎರಡು ಕೋರ್. 2017ರಲ್ಲಿ ಬಂದ ಐ5-8250ಯುನಲ್ಲಿ ನಾಲ್ಕು ಕೋರ್, ಎಂಟು ಥ್ರೆಡ್ (ಒಟ್ಟಿಗೆ ನಡೆಸಬಲ್ಲ ಕೆಲಸದ ಸಾಲು). ಮೂರೂ 15 ವ್ಯಾಟ್‌ನ ಚಿಪ್‌ಗಳೇ, ಆದರೂ ಹೆಸರಲ್ಲಿ ಕೆಳಗಿರುವ ಐ5 ಕೆಲಸದಲ್ಲಿ ಮುಂದೆ. ವಿಂಡೋಸ್ 11ಕ್ಕೆ ಅಧಿಕೃತ ಬೆಂಬಲವಿರುವುದೂ ಇಂಟೆಲ್‌ನ 8ನೇ ತಲೆಮಾರಿನಿಂದ ಈಚೆಗೆ, 7ನೆಯದರಲ್ಲಿ ಬೆರಳೆಣಿಕೆಯ ಚಿಪ್‌ಗಳಿಗೆ ಮಾತ್ರ ಉಂಟು, 7500ಯು ಅದರಲ್ಲಿ ಸೇರಿಲ್ಲ. ವಿಂಡೋಸ್ 10ರ ಬೆಂಬಲ 2025ರ ಅಕ್ಟೋಬರ್ 14ಕ್ಕೆ ಮುಗಿದಿದೆ. ಬೆಂಗಳೂರಿನ ಎಸ್‌.ಪಿ. ರೋಡಿನಲ್ಲಿ ಕೊಂಡರೂ ಊರಿನ ಅಂಗಡಿಯಲ್ಲಿ ಕೊಂಡರೂ, ‘ಐ7 ಕಣ್ರೀ, ಅರ್ಧ ರೇಟಿಗೆ’ ಅಂದಾಗ ತಕ್ಷಣ ಕೇಳಬೇಕಾದದ್ದು ಎಷ್ಟನೇ ಜನರೇಶನ್ ಅಂತ.

ಹೆಸರಿಗೆ ಇಷ್ಟು ಬೆಲೆ ಬಂದದ್ದು 1993ರಿಂದ. ಬರೀ ಸಂಖ್ಯೆಯನ್ನು ಟ್ರೇಡ್‌ಮಾರ್ಕ್ ಮಾಡಲು ಆಗದ ಕಾರಣ ಇಂಟೆಲ್ ತನ್ನ ಹೊಸ ಚಿಪ್‌ಗೆ 586ರ ಬದಲು ‘ಪೆಂಟಿಯಂ’ ಎಂದಿತು. ಆಗ ಅದು ಅವರ ಅತ್ಯುತ್ತಮ ಚಿಪ್. ಕಾಲಾಂತರದಲ್ಲಿ ಅದೇ ಹೆಸರು ಆಟಮ್ ಎಂಬ ಅಗ್ಗದ ವರ್ಗದ ಪುಟ್ಟ ಕೋರ್‌ಗಳಿರುವ ಪೆಂಟಿಯಂ ಎನ್3700 ಥರದವಕ್ಕೂ ಅಂಟಿತು. ಒಳ್ಳೆ ಚಿಪ್ ಗಳಿಸಿದ ನಂಬಿಕೆಯನ್ನು ಬಡ ಚಿಪ್ ತಿಂದುಹಾಕುವುದು ಹೀಗೆ.

ಹೊಸ ಹೆಸರುಗಳಿಂದ ಗೊಂದಲ ಇನ್ನೂ ಹೆಚ್ಚಿದೆ. ಇಂಟೆಲ್ ‘ಐ’ ಅಕ್ಷರ ಬಿಟ್ಟ ಮೇಲೆ 2024ರಲ್ಲಿ ಬಂದ ಕೋರ್ 7 150ಯು ಹೊಸದೇನಲ್ಲ, ಐ7-1355ಯು ತಲೆಮಾರಿನದೇ ‘ರಾಪ್ಟರ್ ಲೇಕ್’ ವಿನ್ಯಾಸ. ಅವೇ 10 ಕೋರ್, 12 ಥ್ರೆಡ್. ‘ಅಲ್ಟ್ರಾ’ ಅಂತ ಇದ್ದರೂ ನಿರಾಳವಾಗುವಂತಿಲ್ಲ. ಕೋರ್ ಅಲ್ಟ್ರಾ 7 255ಎಚ್‌ನಲ್ಲಿ 16 ಕೋರ್ ಇವೆ, ಆದರೆ ಅದರ ಎನ್‌ಪಿಯು (ಎಐ ಕೆಲಸದ ಭಾಗ) 13 ಟಾಪ್ಸ್ (ಸೆಕೆಂಡಿಗೆ ಎಷ್ಟು ಲಕ್ಷ ಕೋಟಿ ಲೆಕ್ಕ ಅನ್ನುವ ಅಳತೆ) ಮಾತ್ರ. ಮೈಕ್ರೋಸಾಫ್ಟ್‌ನ ಎಐ ಸೌಲಭ್ಯಗಳಿರುವ ಕೋಪೈಲಟ್ ಪ್ಲಸ್‌ಗೆ 40 ಬೇಕು. ಅಲ್ಟ್ರಾ 7 258ವಿ 47 ಟಾಪ್ಸ್ ಕೊಡುತ್ತದೆ, ಆದರೆ ಎಂಟೇ ಕೋರ್, ಮೆಮೊರಿಯೂ ಚಿಪ್‌ನೊಳಗೇ. ವಿಡಿಯೋ ಎಡಿಟಿಂಗ್, ಕಂಪೈಲಿಂಗ್ ಮಾಡುವವರಿಗೆ ಮೊದಲನೆಯದು ಸರಿ, ಬ್ಯಾಟರಿ ಬಾಳಿಕೆ ಬೇಕಾದವರಿಗೆ ಎರಡನೆಯದು.

ಕೊಳ್ಳುವ ಮುಂಚೆ ಮಾಡೆಲ್ ನಂಬರನ್ನು ಕೊನೆಯ ಅಕ್ಷರದವರೆಗೂ ಕೇಳಿ ಬರೆದುಕೊಳ್ಳಿ. ಆನ್‌ಲೈನಲ್ಲಾದರೆ ಶೀರ್ಷಿಕೆ ಬಿಟ್ಟು ಕೆಳಗಿನ ವಿವರಪಟ್ಟಿಯಲ್ಲಿ ‘ಪ್ರೊಸೆಸರ್ ವೇರಿಯಂಟ್’ ಸಾಲು ನೋಡಿ. ಅದು ಖಾಲಿ ಇದ್ದರೆ ಆ ಮಾಲು ಬೇಡ. ಆ ನಂಬರನ್ನು ಇಂಟೆಲ್ ಅಥವಾ ಎಎಂಡಿ ಜಾಲತಾಣದಲ್ಲೇ ಹುಡುಕಿ ಕೋರ್, ಬಿಡುಗಡೆಯ ದಿನಾಂಕ, ಮೆಮೊರಿ ಬಗೆ ನೋಡಿ. ಮೆಮೊರಿ ‘ಎಲ್‌ಪಿ’ ಎಂದು ಶುರುವಾದರೆ ಬಹುತೇಕ ಬೆಸೆದದ್ದೇ, ಹಾಗಾಗಿ 16 ಜಿಬಿಯನ್ನು ಮೊದಲೇ ತೆಗೆದುಕೊಳ್ಳಿ.

ಪೆಟ್ಟಿಗೆ ಬಂದ ದಿನವೇ ಕಂಟ್ರೋಲ್, ಶಿಫ್ಟ್, ಎಸ್ಕೇಪ್ ಒಟ್ಟಿಗೆ ಒತ್ತಿ ಟಾಸ್ಕ್ ಮ್ಯಾನೇಜರ್ ತೆರೆಯಿರಿ. ಪರ್ಫಾರ್ಮೆನ್ಸ್‌ನ ಸಿಪಿಯು ಪುಟದಲ್ಲಿ ಮೇಲ್ಗಡೆ ಪೂರ್ತಿ ಹೆಸರು, ಕೆಳಗೆ ಕೋರ್ ಸಂಖ್ಯೆ ಕಾಣುತ್ತದೆ. ಬಿಲ್ಲಿನಲ್ಲೂ ಅದೇ ಪೂರ್ತಿ ನಂಬರ್ ಬರೆಸಿ. ಬರೀ ‘ಐ5 ಲ್ಯಾಪ್‌ಟಾಪ್’ ಎಂದಿರುವ ಬಿಲ್ಲು ಹಿಡಿದು ವಾಪಸ್ ಹೋದರೆ ವಾದ ನಿಲ್ಲುವುದಿಲ್ಲ. ನಂಬರ್ ಬೇರೆಯಾಗಿದ್ದರೆ ಪರದೆಯ ಫೋಟೋ ತೆಗೆದು, ರಿಟರ್ನ್ ಅವಧಿ ಮುಗಿಯುವುದರೊಳಗೆ ದೂರು ಹಾಕಿ.